ಸುಳ್ಳಿಗೆ ಲಾಭವಿದೆ, ಆದರೆ ಯಾರ ಗಂಟಿನಿಂದ?

ರಾಜಕೀಯದಲ್ಲಿ, ವ್ಯಾಪಾರದಲ್ಲಿ ಸುಳ್ಳು ಹೇಳದವನು ಉದ್ಧಾರವಾಗುವುದಿಲ್ಲ ಎಂಬ ಮಾತನ್ನು ಈಗ ಮಠದ ಜಗಲಿಯಲ್ಲಿ ಕುಳಿತವರೂ ಆಡುತ್ತಾರೆ. ಸುಳ್ಳಿನಿಂದ ಲಾಭವೇ ಇಲ್ಲವೆಂದು ನಾನು ವಾದಿಸುವುದಿಲ್ಲ. ಲಾಭವಿದೆ. ಆದರೆ ಅದು ಯಾರ ಗಂಟಿನಿಂದ ಬಂದದ್ದು ಎಂದು ಕೇಳಬೇಕು.

ಪುತ್ತೂರು, ಸುಳ್ಯ, ಕಡಬ ಸೀಮೆಯ ಅಡಿಕೆಯನ್ನೇ ನೋಡಿ. ಇಲ್ಲಿಯ ಚಾಲಿ ಅಡಿಕೆಗೆ ಉತ್ತರ ಭಾರತದ ಪೇಟೆಗಳಲ್ಲಿ ಹೆಸರಿದೆ. ಬೆಳೆದು, ಒಣಗಿಸಿ, ಸುಲಿದು, ಆರಿಸಿದ ರೈತರೂ ಕೂಲಿಕಾರರೂ ಕಟ್ಟಿದ ಹೆಸರದು. ಅಗ್ಗದ ಆಮದನ್ನು ತಡೆಯಲು ಕೇಂದ್ರ ಸರ್ಕಾರ 2023ರಲ್ಲಿ ಕನಿಷ್ಠ ಆಮದು ಬೆಲೆಯನ್ನು ಕಿಲೋಗೆ 251ರಿಂದ 351 ರೂಪಾಯಿಗೆ ಏರಿಸಿತು. ಆದರೂ ಕಳ್ಳದಾರಿಯಲ್ಲಿ ತಂದು, ಊರಿನ ಅಡಿಕೆಯೊಡನೆ ಬೆರೆಸಿ ಮಾರುವವರಿದ್ದಾರೆ. ಆ ಮೂಟೆ ಬಿಕರಿಯಾಗುವುದು ಪ್ರಾಮಾಣಿಕರ ಹೆಸರಿನ ಮೇಲೆ. ಎಲ್ಲರೂ ಬೆರೆಸತೊಡಗಿದ ದಿನ ಬೆರೆಸಿದವನಿಗೂ ಬೆಲೆ ಸಿಗದು.

ರಾಜಕೀಯದ ಕಾಮಗಾರಿಗಳದೂ ಇದೇ ಲೆಕ್ಕ. ನಾವು ಎಂಜಿನಿಯರುಗಳು ಕಾಂಕ್ರೀಟಿನ ಬಲವನ್ನು 1.5ರಿಂದ ಭಾಗಿಸಿ ವಿನ್ಯಾಸ ಮಾಡುತ್ತೇವೆ. ಕಮಿಷನ್ ಕೊಟ್ಟು ಸಿಮೆಂಟ್ ಉಳಿಸಿದವನ ಸೇತುವೆ ಮರುದಿನವೇ ಬೀಳದಿರುವುದು ಆ ಮುನ್ನೆಚ್ಚರಿಕೆಯಿಂದ. ಅವನು ತಿಂದದ್ದು ಜನರ ಸುರಕ್ಷೆಯನ್ನು. ರಿಬ್ಬನ್ ಕತ್ತರಿಸಿದವರು ಚುನಾವಣೆ ಗೆಲ್ಲುತ್ತಾರೆ. ಮಳೆಗಾಲದಲ್ಲಿ ಅದರ ಮೇಲೆ ನಡೆಯುವವರು ಶಾಲೆಯ ಮಕ್ಕಳು.

ಹಾಗಾದರೆ ಪ್ರಾಮಾಣಿಕನು ಸೋಲಲೇಬೇಕೇ? ಒಂಟಿಯಾಗಿದ್ದರೆ ಬಹುಮಟ್ಟಿಗೆ ಸೋಲುತ್ತಾನೆ. ಬೆಲೆ ಕುಸಿದು ಕಂಗೆಟ್ಟಿದ್ದ ಅಡಿಕೆ ಬೆಳೆಗಾರರು ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ 1973ರಲ್ಲಿ ಕ್ಯಾಂಪ್ಕೊ ಕಟ್ಟಿದರು. ವರ್ತಕರಿಗೆ ನೀತಿಬೋಧೆ ಮಾಡುತ್ತ ಕೂರದೆ ತಾವೇ ಖರೀದಿಗೆ ಇಳಿದರು. ಕೊಕ್ಕೊ ಕೊಳ್ಳುವವರು ಹಿಂದೆ ಸರಿದಾಗ ಅದನ್ನೂ ಕೊಂಡರು. 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ಆರಂಭಿಸಿದರು. ಸತ್ಯಕ್ಕೂ ಸಂಘಟನೆ ಬೇಕು.

ನಮ್ಮಲ್ಲಿ ಆ ಸಂಘಟನೆ ಮಠಗಳೇ ಆಗಬಹುದು. ಆದರೆ ಜಾತ್ರೆಯ ವೇದಿಕೆಯಲ್ಲಿ ಮೊದಲ ಹಾರ ಯಾರಿಗೆ? ದೊಡ್ಡ ದೇಣಿಗೆಯವನಿಗೆ. ಹಣದ ಮೂಲ ಕೇಳುವುದು ಅಸಭ್ಯವೆನಿಸಿದೆ. ಸುಳ್ಳಿಗೆ ಲಾಭದ ಜೊತೆ ಗೌರವವನ್ನೂ ಕೊಡುತ್ತಿರುವವರು ನಾವೇ. ಕಾಯಕದಿಂದ ಬಾರದ್ದು ದಾಸೋಹವಾಗದು ಎಂಬುದು ನಮ್ಮ ಧರ್ಮದ ತಳಹದಿ. ಆಯ್ದಕ್ಕಿ ಮಾರಯ್ಯ ದಿನದ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಅಲ್ಲೇ ಸುರಿದು ಬರಲು ಕಳಿಸಿದಳು. ಅದು ಕದ್ದ ಅಕ್ಕಿಯೂ ಆಗಿರಲಿಲ್ಲ.

ಪ್ರತಿ ಮಠವೂ ದೇಣಿಗೆಯ ಲೆಕ್ಕವನ್ನು ಗೋಡೆಗೆ ಅಂಟಿಸಲಿ. ಮೂಲ ಹೇಳಲಾಗದ ಹಣವನ್ನು ಮರಳಿಸಲಿ. ಲಕ್ಕಮ್ಮನ ಮನೆಗೆ ಬೇಡವಾದದ್ದಕ್ಕಿಂತ ಕೆಟ್ಟ ಅಕ್ಕಿ ನಮ್ಮ ದಾಸೋಹದ ಹಂಡೆಯಲ್ಲಿ ಬೇಯುವುದು ಬೇಡ.