ಕೆರೆ ಸುತ್ತಲೂ ಬೇಡ, ಏರಿಯ ಮೇಲೆ ಓಡೋಣ

ರಾಯಚೂರು ಜಿಲ್ಲೆಯ ಜಾಲಹಳ್ಳಿಯಿಂದ ತಿಂಥಣಿ ಬ್ರಿಡ್ಜ್ ಕಡೆಗೋ, ದೇವದುರ್ಗದ ಕಡೆಗೋ ನಸುಕಿನಲ್ಲಿ ಹೊರಟರೆ ರಸ್ತೆಯ ಅಂಚಿನಲ್ಲಿ ಓಡುವ ಹುಡುಗರು ಕಾಣುತ್ತಾರೆ. ಇದು ಹವ್ಯಾಸದ ಓಟವಲ್ಲ, ಅನ್ನದ ಓಟ. ಪೊಲೀಸ್ ಕಾನ್‌ಸ್ಟೆಬಲ್ ನೇಮಕಾತಿಯ ದೈಹಿಕ ಪರೀಕ್ಷೆಯಲ್ಲಿ ಯುವಕರು 1,600 ಮೀಟರ್ ದೂರವನ್ನು ಆರೂವರೆ ನಿಮಿಷದಲ್ಲಿ, ಯುವತಿಯರು 400 ಮೀಟರ್ ದೂರವನ್ನು ಎರಡು ನಿಮಿಷದಲ್ಲಿ ಮುಗಿಸಬೇಕು. ಅದಕ್ಕೆ ತಿಂಗಳುಗಟ್ಟಲೆ ತಯಾರಿ ಬೇಕು. ತಯಾರಿಗೆ ಇವರ ಪಾಲಿಗಿರುವುದು ಡಾಂಬರು ರಸ್ತೆ, ಬೆನ್ನಿಗೆ ಲಾರಿಗಳ ಹಾರ್ನ್. ಹೀಗಿರುವಾಗ ಊರ ಕೆರೆಯ ಸುತ್ತ ಓಟದ ದಾರಿ ಮಾಡಿಕೊಡಿ ಎಂಬ ಬೇಡಿಕೆ ಬಂದರೆ ಅದನ್ನು ಯಾರೂ ತಳ್ಳಿಹಾಕುವಂತಿಲ್ಲ. ದಾರಿ ಬೇಕೇ ಬೇಡವೇ ಎಂಬುದು ಇಲ್ಲಿ ಚರ್ಚೆಯೇ ಅಲ್ಲ. ದಾರಿ ಕೆರೆಯ ಯಾವ ಮಗ್ಗುಲಲ್ಲಿ ಹೋಗಬೇಕು, ಎಲ್ಲಿ ನಿಲ್ಲಬೇಕು ಎಂಬುದನ್ನು ಕೇಳಬೇಕಾಗಿದೆ. ಕೆರೆ ಅಭಿವೃದ್ಧಿ ಎಂದೊಡನೆ ಸುತ್ತಲೂ ಒಂದು ಉಂಗುರ ಎಳೆದು, ಪೇವರ್ಸ್ ಹಾಸಿ, ದೀಪದ ಕಂಬ ನೆಡುವ ರೂಢಿ ಬೆಂಗಳೂರಿನಿಂದ ಜಿಲ್ಲಾ ಕೇಂದ್ರಗಳಿಗೂ ಅಲ್ಲಿಂದ ತಾಲ್ಲೂಕುಗಳಿಗೂ ಇಳಿಯುತ್ತಿದೆ. ಈ ಉಂಗುರ ಕೆರೆಯನ್ನೇ ಕೊಲ್ಲುತ್ತದೆ ಎಂಬುದು ನನ್ನ ವಾದ.

ನಮ್ಮ ಬಯಲುಸೀಮೆಯ ಕೆರೆಯ ರಚನೆ ನೋಡಿದರೆ ಇದು ತಿಳಿಯುತ್ತದೆ. ಹಳ್ಳಕ್ಕೆ ಅಡ್ಡಲಾಗಿ ಒಂದು ಏರಿ ಕಟ್ಟಿದರೆ ಅದರ ಹಿಂದೆ ನೀರು ನಿಲ್ಲುತ್ತದೆ. ತೂಬು, ಕೋಡಿ ಎಲ್ಲ ಏರಿಯ ಬಳಿ; ಆಳವೂ ಅಲ್ಲೇ. ಏರಿಯಿಂದ ದೂರ ಹೋದಂತೆ ನೆಲ ಮೆಲ್ಲಗೆ ಏರುತ್ತ, ನೀರು ಮೊಣಕಾಲುದ್ದ, ಪಾದ ಮುಳುಗುವಷ್ಟು, ಕೊನೆಗೆ ಬರೀ ಕೆಸರು ಎಂಬಂತೆ ತೆಳುವಾಗುತ್ತದೆ. ಮಳೆಗಾಲದಲ್ಲಿ ಹಳ್ಳದ ನೀರು ಒಳಗೆ ಬರುವುದು ಈ ತೆಳು ಅಂಚಿನಿಂದಲೇ. ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ಹಸಿ ಹುಲ್ಲು ಉಳಿದು ದನ ಕುರಿ ಮೇಯುವುದು ಇಲ್ಲಿ. ಬೆಳ್ಳಕ್ಕಿ, ಕೊಕ್ಕರೆ, ಉದ್ದ ಕಾಲಿನ ಸಣ್ಣ ಹಕ್ಕಿಗಳು ಕೆಸರಿಗೆ ಕೊಕ್ಕು ಹಾಕಿ ಹುಳು ಹೆಕ್ಕುವುದೂ ಇಲ್ಲಿಯೇ, ಆಳದ ಕಡೆ ಅವುಗಳಿಗೆ ಕಾಲೂರಲು ಜಾಗವಿಲ್ಲ. ಸುತ್ತಲೂ ಓಡುವ ದಾರಿ ಬೇಕೆಂದರೆ ಈ ತೆಳು ಭಾಗದಲ್ಲೂ ಮಣ್ಣು ಏರಿಸಿ ಒಡ್ಡು ಹಾಕಬೇಕು, ಇಳಿಜಾರಿಗೆ ಕಲ್ಲು ಪಿಚಿಂಗ್ ಮಾಡಬೇಕು. ಆಗ ತಟ್ಟೆಯಂತೆ ಹರಡಿದ್ದ ಕೆರೆ ಬೋಗುಣಿಯಾಗುತ್ತದೆ. ಒಡ್ಡಿನ ಆಚೆ ಬಿದ್ದ ಮಳೆನೀರು ಒಳಗೆ ಬರಲಾರದೆ ರಸ್ತೆಗೆ, ಮನೆಗಳಿಗೆ ನುಗ್ಗುತ್ತದೆ. ಒಡ್ಡಿನಿಂದ ಹೊರಗೆ ಉಳಿದ ಕೆರೆ ಅಂಗಳ ಕ್ರಮೇಣ ನಿವೇಶನದಂತೆ ಕಾಣತೊಡಗುತ್ತದೆ. ಬೆಂಗಳೂರಿನ ಹಲವು ಕೆರೆಗಳಲ್ಲಿ ಆದದ್ದು ಇದೇ. ಅಲ್ಲಿನ ಕೆರೆ ತಜ್ಞರು ಈ ಉಂಗುರ ಒಡ್ಡಿನ ವಿರುದ್ಧ ಬಹಳ ಕಾಲದಿಂದ ಎಚ್ಚರಿಸುತ್ತ ಬಂದಿದ್ದಾರೆ.

ನೀರಿನ ಮಾತು ಒಂದು ಕಡೆ ಇರಲಿ, ಹಕ್ಕಿಗಳ ವಿಷಯಕ್ಕೆ ಬರೋಣ. ಮನುಷ್ಯ ಓಡಿಹೋದರೆ ಹಕ್ಕಿಗೇನು ನಷ್ಟ, ಹಾರಿ ಮತ್ತೆ ಬಂದು ಕೂರುತ್ತದಲ್ಲ ಎಂದು ಅನೇಕರು ಕೇಳುತ್ತಾರೆ. ನಮ್ಮೂರ ಟಿಟ್ಟಿಭವನ್ನೇ ತೆಗೆದುಕೊಳ್ಳಿ. ಅದು ಗಿಡದಲ್ಲಿ ಗೂಡು ಕಟ್ಟುವುದಿಲ್ಲ. ಕೆರೆಯ ಒಣ ಅಂಚಿನಲ್ಲಿ ಅಂಗೈ ಅಗಲದ ತಗ್ಗು ಕೆದರಿ, ನಾಲ್ಕಾರು ಬೆಣಚುಕಲ್ಲು ಜೋಡಿಸಿ, ನೆಲದ ಬಣ್ಣದ ಮೇಲೆ ಕಪ್ಪು ಚುಕ್ಕೆಗಳಿರುವ ನಾಲ್ಕು ಮೊಟ್ಟೆ ಇಡುತ್ತದೆ. ಎರಡು ಹೆಜ್ಜೆ ದೂರದಿಂದ ನೋಡಿದರೂ ಅದು ಮೊಟ್ಟೆಯೋ ಕಲ್ಲೋ ಗೊತ್ತಾಗದು. ಮರಿಯಾಗಲು ನಾಲ್ಕು ವಾರ ಬೇಕು, ಮತ್ತು ಆ ವಾರಗಳು ಬರುವುದು ಹೆಚ್ಚಾಗಿ ಬೇಸಿಗೆಯಲ್ಲಿ. ರಾಯಚೂರಿನ ಏಪ್ರಿಲ್, ಮೇ ಬಿಸಿಲು 40 ಡಿಗ್ರಿ ದಾಟಿದಾಗ ತಾಯಿಹಕ್ಕಿ ಮೊಟ್ಟೆಯ ಮೇಲೆ ಕೂರುವುದು ಕಾವು ಕೊಡಲಿಕ್ಕಲ್ಲ, ನೆರಳು ಕೊಡಲಿಕ್ಕೆ. ಹೊಟ್ಟೆಯ ಗರಿಗಳನ್ನು ನೀರಲ್ಲಿ ನೆನೆಸಿಕೊಂಡು ಬಂದು ಮೊಟ್ಟೆಗಳನ್ನು ತಂಪು ಮಾಡುವುದನ್ನು ಪಕ್ಷಿತಜ್ಞರು ದಾಖಲಿಸಿದ್ದಾರೆ. ಹತ್ತು ನಿಮಿಷಕ್ಕೊಬ್ಬರು ದಾರಿಯಲ್ಲಿ ಓಡಿಹೋದರೆ ಹತ್ತು ನಿಮಿಷಕ್ಕೊಮ್ಮೆ ಆ ನೆರಳು ಎದ್ದುಹೋಗುತ್ತದೆ. ಮೊಟ್ಟೆಯನ್ನು ಯಾರೂ ತುಳಿಯಬೇಕಾಗಿಲ್ಲ.

ಆಸ್ಟ್ರೇಲಿಯಾದ ಸಿಡ್ನಿಯ ಹೊರವಲಯದ ಕುರುಚಲು ಕಾಡುಗಳಲ್ಲಿ ನಡೆದ, 2007ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದನ್ನು ಲೆಕ್ಕ ಹಾಕಿ ತೋರಿಸಿದೆ. ನಾಯಿ ಜೊತೆಗೆ ಜನ ನಡೆದ ದಾರಿಗಳಲ್ಲಿ ಹಕ್ಕಿಗಳ ಜಾತಿವೈವಿಧ್ಯ ಶೇ 35ರಷ್ಟು, ಸಂಖ್ಯೆ ಶೇ 41ರಷ್ಟು ಕಡಿಮೆಯಾಗಿತ್ತು. ನಾಯಿಯಿಲ್ಲದೆ ಬರೀ ಜನ ನಡೆದಾಗಲೂ ತೊಂದರೆ ಆಗುತ್ತಿತ್ತು, ಆದರೆ ಅದು ಅರ್ಧಕ್ಕಿಂತ ಕಡಿಮೆ. ನಾಯಿಗಳು ದಿನವೂ ಓಡಾಡುವ ಜಾಗದಲ್ಲೂ ಹಕ್ಕಿಗಳು ಅದಕ್ಕೆ ಒಗ್ಗಿಕೊಂಡಿರಲಿಲ್ಲ ಎಂಬುದು ಆ ಅಧ್ಯಯನದ ಮುಖ್ಯ ಮಾತು. ಅಲ್ಲಿಯದು ಹಗ್ಗದಲ್ಲಿ ಕಟ್ಟಿದ ಸಾಕುನಾಯಿ. ನಮ್ಮಲ್ಲಿ ಜನ ಸೇರುವ ಕಡೆ ಮಿರ್ಚಿ ಬಂಡಿ ಬರುತ್ತದೆ, ಬಂಡಿ ಬಂದ ಕಡೆ ಬೀದಿನಾಯಿಗಳ ಹಿಂಡು ಬರುತ್ತದೆ. ಆ ಹಿಂಡಿಗೆ ಕೆರೆಯ ಹಿಂಭಾಗದವರೆಗೂ ಸಲೀಸಾದ ದಾರಿಯನ್ನು ನಾವೇ ಹಾಸಿಕೊಡಬಾರದು.

ಕರಾವಳಿಯ ಜೌಗು ಪ್ರದೇಶಗಳಲ್ಲಿ ಈ ಉಂಗುರ ದಾರಿಗಿಂತ ಉತ್ತಮ ಮಾದರಿ ಇದೆ. ಹೊನ್ನಾವರದ ಬಳಿ ಶರಾವತಿ ದಡದ ಕಾಂಡ್ಲಾ ಕಾಡಿನೊಳಗೆ ಅರಣ್ಯ ಇಲಾಖೆ ಮಾಡಿರುವ ಮರದ ನಡಿಗೆ ದಾರಿ ಕಂಬಗಳ ಮೇಲೆ ನಿಂತಿದೆ. ಕೆಳಗೆ ಉಬ್ಬರದ ನೀರು ಬಂದು ಹೋಗುತ್ತದೆ, ಏಡಿಗಳು ಕೆಸರಲ್ಲಿ ಓಡಾಡುತ್ತವೆ. ಜನರಿಗೆ ಕಾಡನ್ನು ತೋರಿಸಬೇಕು, ಆದರೆ ನೀರನ್ನು ತಡೆಯಬಾರದು ಎಂಬ ತಿಳಿವಳಿಕೆ ಅದರ ಹಿಂದಿದೆ. ಸಿಂಗಪುರದಂಥ ಇಕ್ಕಟ್ಟಾದ ನಾಡಿನಲ್ಲೂ ಸುಂಗೈ ಬುಲೋ ಜೌಗು ಮೀಸಲಿನೊಳಗೆ ಸೈಕಲ್, ಸಾಕುಪ್ರಾಣಿ ಬಿಡುವುದಿಲ್ಲ. ಹಕ್ಕಿಗಳನ್ನು ಮರೆಯಿಂದ ನೋಡಲು ತಟ್ಟಿ ಕಟ್ಟಿದ್ದಾರೆ. ಇದೆಲ್ಲ ಸಮುದ್ರದಂಚಿನ ಮಾತು, ನಮ್ಮ ಒಣಸೀಮೆಗೇಕೆ ಎನ್ನುವವರು 2024ರ ಜನವರಿಯನ್ನು ನೆನೆಯಬೇಕು. ಆಗ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಕರ್ನಾಟಕದ ಮೂರು ಜಾಗಗಳು ಸೇರಿದವು. ಒಂದು 4,801 ಹೆಕ್ಟೇರಿನ ಅಘನಾಶಿನಿ ಅಳಿವೆ. ಉಳಿದೆರಡು ನಮ್ಮ ನೆರೆಯ ಬಯಲುನಾಡಿನವು: ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಮತ್ತು ಗದಗ ಜಿಲ್ಲೆಯ ಮಾಗಡಿ ಕೆರೆ. ಮೊದಲನೆಯದು ನೂರು ಹೆಕ್ಟೇರಿನೊಳಗೆ, ಎರಡನೆಯದು 55 ಹೆಕ್ಟೇರಿನೊಳಗೆ. ಎರಡೂ ನೀರಾವರಿಗೆಂದು ಮನುಷ್ಯರೇ ಕಟ್ಟಿದ ಕೆರೆಗಳು. ಹಿಮಾಲಯದ ಆಚೆಯಿಂದ ಬರುವ ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲದಲ್ಲಿ ಮಾಗಡಿ ಕೆರೆಯಲ್ಲಿ ಇಳಿಯುತ್ತವೆ. ಅಂತರರಾಷ್ಟ್ರೀಯ ಮನ್ನಣೆ ಪಡೆದ ಆ ಕೆರೆಗಳಿಗೂ ದೇವದುರ್ಗ, ಮಾನ್ವಿ ಸೀಮೆಯ ಕೆರೆಗಳಿಗೂ ಹುಟ್ಟಿನಲ್ಲಿ ಯಾವ ವ್ಯತ್ಯಾಸವೂ ಇಲ್ಲ.

ಕಾನೂನು ಕಾಯುತ್ತದೆ ಎಂದು ಸುಮ್ಮನಿರುವಂತಿಲ್ಲ. ಕೇಂದ್ರದ 2017ರ ಜೌಗು ಪ್ರದೇಶ ನಿಯಮಗಳು ದಡದಿಂದ 50 ಮೀಟರ್ ಒಳಗೆ ಶಾಶ್ವತ ನಿರ್ಮಾಣ ಬೇಡ ಎನ್ನುತ್ತವೆ. ಆದರೆ ಕುಡಿಯುವ ನೀರಿಗೆ, ನೀರಾವರಿಗೆ ಕಟ್ಟಿದ ಕೆರೆಗಳನ್ನು ಅದೇ ನಿಯಮಗಳು ವ್ಯಾಖ್ಯೆಯಿಂದ ಹೊರಗಿಟ್ಟಿವೆ. ಅಂದರೆ ನಮ್ಮ ಬಹುತೇಕ ಕೆರೆಗಳು ಹೊರಗೆ. ಉಳಿದ ಆಸರೆ ರಾಜ್ಯದ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರದ 2014ರ ಕಾಯ್ದೆ ಮತ್ತು ಅದು ಹೇಳಿದ 30 ಮೀಟರ್. ಕೆರೆ ಚಿಕ್ಕದಾದಷ್ಟೂ ಈ ಅಂತರವನ್ನು ಇಳಿಸುವ ತಿದ್ದುಪಡಿ ಮಸೂದೆಗೆ 2025ರಲ್ಲಿ ವಿಧಾನಮಂಡಲ ಒಪ್ಪಿಗೆ ಕೊಟ್ಟಿತು. ತಪ್ಪು ತೀರ್ಮಾನವದು. ಚಿಕ್ಕ ಕೆರೆಗೆ ಅಂಚೇ ಬಹುಪಾಲು. ಅಂಚು ಹೋದರೆ ಉಳಿಯುವುದು ಒಂದು ಹೊಂಡ.

ಇದಕ್ಕೆ ಎದುರಾಗಿ ಬರುವ ವಾದಗಳಲ್ಲಿ ಎರಡು ಗಟ್ಟಿಯಾಗಿವೆ. ಜನ ಓಡಾಡದ ಕೆರೆ ಒತ್ತುವರಿದಾರರ, ಕಸ ಸುರಿಯುವವರ ಪಾಲಾಗುತ್ತದೆ ಎಂಬುದು ಮೊದಲನೆಯದು. ರಾಯಚೂರು ಕೋಟೆಯ ಪಕ್ಕದ ಮಾವಿನಕೆರೆಯ ಒತ್ತುವರಿ, ಕೊಳಚೆಯ ಸುದ್ದಿ ಓದಿದವರಿಗೆ ಈ ಭಯ ಅರ್ಥವಾಗುತ್ತದೆ. ಬೆಂಗಳೂರಿನ ಕೈಕೊಂಡ್ರಹಳ್ಳಿ ಕೆರೆ ಉಳಿದದ್ದು ಸುತ್ತಲಿನ ನಿವಾಸಿಗಳು ಬಂದು ನಡೆದಾಡಿ ಅದನ್ನು ತಮ್ಮದೆಂದು ಭಾವಿಸಿದ್ದರಿಂದಲೇ. ಇದನ್ನು ಪೂರ್ತಿ ಒಪ್ಪುತ್ತೇನೆ. ಆದರೆ ಒತ್ತುವರಿ ತಡೆಯುವುದು ಸರ್ವೆ, ಗಡಿಕಲ್ಲು, ಬೇಲಿ, ಮತ್ತು ಕೆರೆಯನ್ನು ದಿನವೂ ನೋಡುವ ಕಣ್ಣು. ಏರಿಯ ಮೇಲೆ ನಿಂತವನಿಗೆ ಇಡೀ ಕೆರೆ ಕಾಣುತ್ತದೆ, ಎದುರು ದಡಕ್ಕೆ ಟ್ರ್ಯಾಕ್ಟರ್ ಮಣ್ಣು ತಂದು ಸುರಿದರೂ ಕಾಣುತ್ತದೆ. ಕಾವಲಿಗೆ ಏರಿ ಸಾಕು. ಎರಡನೆಯ ವಾದ ಹೆಣ್ಣುಮಕ್ಕಳ ಸುರಕ್ಷತೆಯದು: ದೀಪವಿಲ್ಲದ, ಪೊದೆ ಬೆಳೆದ ದಾರಿಯಲ್ಲಿ ಅವರು ಓಡುವುದು ಹೇಗೆ? ಈ ಪ್ರಶ್ನೆಗೆ ಹಕ್ಕಿಯನ್ನು ಮುಂದಿಟ್ಟು ಉತ್ತರಿಸುವುದು ಅನ್ಯಾಯ. ನಸುಕಿನಲ್ಲಿ ಓಡುವ ಹುಡುಗಿಗೆ ಬೆಳಕು ಬೇಕು, ಜನ ಬೇಕು. ಆದರೆ ಊರಿಗೆ ಬೆನ್ನು ಹಾಕಿದ ಕೆರೆಯ ಹಿಂಬದಿ ಎಷ್ಟೇ ದೀಪ ಹಾಕಿದರೂ ಅವಳಿಗೆ ಕ್ಷೇಮದ ಜಾಗವಾಗಲಾರದು. ಊರಿಗೆ ಹತ್ತಿರವಾದ, ಎತ್ತರದ, ನೇರವಾದ ಏರಿ ಅವಳಿಗೂ ಒಳ್ಳೆಯದು. ಬೆಳಕನ್ನು ನೀರಿನ ಕಡೆ ಚೆಲ್ಲದಂತೆ ಮರೆಮಾಡಿದ ಗಿಡ್ಡ ಕಂಬಗಳನ್ನು ಅಲ್ಲಿ ನೆಡಬಹುದು.

ಓಡುವವರ ಮಂಡಿಗೂ ಕಾಂಕ್ರೀಟ್ ಹಿತವಲ್ಲ. ಗರಸು ಹಾಕಿ ರೋಲರ್ ಹೊಡೆದ ಮಣ್ಣಿನ ದಾರಿ ಮೇಲು, ಅಗ್ಗವೂ ಹೌದು. 1,600 ಮೀಟರನ್ನು ಗಡಿಯಾರ ಹಿಡಿದು ಅಭ್ಯಾಸ ಮಾಡುವವರಿಗೆ ನಿಜಕ್ಕೂ ಬೇಕಾದದ್ದು ಅಳತೆಯ 400 ಮೀಟರ್ ಮಣ್ಣಿನ ಟ್ರ್ಯಾಕ್. ಅದರ ಜಾಗ ಸರ್ಕಾರಿ ಪ್ರೌಢಶಾಲೆಯ, ಕಾಲೇಜಿನ ಮೈದಾನ. 2022ರ ಏಪ್ರಿಲ್‌ನಲ್ಲಿ ಶುರುವಾದ ಅಮೃತ ಸರೋವರ ಯೋಜನೆ ಪ್ರತಿ ಜಿಲ್ಲೆಗೆ 75 ಕೆರೆ ಎಂದು ಗುರಿ ಇಟ್ಟಿತು, ಒಂದೊಂದು ಕನಿಷ್ಠ ಒಂದು ಎಕರೆಯದು. ಕೆರೆಗೆ ಹಣ ಬಂದಾಗಲೆಲ್ಲ ದಾರಿಯೂ ಅದರಲ್ಲೇ ಆಗಿಬಿಡಲಿ ಎಂಬ ಆಸೆ ಹುಟ್ಟುವುದು ಸಹಜ. ಆದರೆ ಮೈದಾನಕ್ಕೆ ಮೈದಾನದ ಹಣವನ್ನೇ ಕೇಳಬೇಕು.

ಈ ಬೇಡಿಕೆಯನ್ನು ಓಡುವ ಹುಡುಗ ಹುಡುಗಿಯರೇ ಮುಂದಿನ ಗ್ರಾಮಸಭೆಯಲ್ಲಿ ಇಡಬೇಕು. ಕ್ರಿಯಾಯೋಜನೆಯ ನಕ್ಷೆಯನ್ನು ಮೇಜಿನ ಮೇಲೆ ಹರಡಿಸಿ, ಓಟದ ದಾರಿ ಕೋಡಿಯಿಂದ ಏರಿಯ ಇನ್ನೊಂದು ತುದಿಯವರೆಗೆ ಮಾತ್ರ ಇರಲಿ, ಹಳ್ಳ ಸೇರುವ ಕಡೆ ಮಣ್ಣಿನ ಒಂದು ಪುಟ್ಟಿಯೂ ಬೀಳದಿರಲಿ, ಶಾಲಾ ಮೈದಾನದ ಟ್ರ್ಯಾಕಿಗೆ ಬೇರೆ ಅಂದಾಜು ಪಟ್ಟಿ ಮಾಡಿ ಎಂದು ಹೇಳಿ, ಅದನ್ನು ನಡಾವಳಿಯಲ್ಲಿ ಬರೆಸಿಯೇ ಎದ್ದು ಬನ್ನಿ.