ಆಕಳ ಹಲ್ಲು ನೋಡುವ ನಾವು ಟಾಯರಿನ ವಯಸ್ಸು ನೋಡಬಾರದೇ?



ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ಅನೇಕ ಹೈನುಗಾರರ ಮನೆ ಮುಂದೆ ಈಗ ನಾಲ್ಕು ಗಾಲಿಯ ಗಾಡಿಯೊಂದು ನಿಂತಿರುತ್ತದೆ. ಹಳೆಯ ಕಾರು, ಓಮ್ನಿ ಇಲ್ಲವೇ ಸಣ್ಣ ಪಿಕಪ್. ಹಿಂಡಿ ಚೀಲ ತರುವುದಕ್ಕೂ ಅದೇ, ಚಿಂಚಲಿ ಮಾಯಕ್ಕನ ಜಾತ್ರೆಗೂ ಅದೇ, ಯಡೂರು ವೀರಭದ್ರನ ದರ್ಶನಕ್ಕೂ ಅದೇ, ನಡುರಾತ್ರಿ ಹೆರಿಗೆ ನೋವು ಬಂದವರನ್ನು ದವಾಖಾನೆಗೆ ಮುಟ್ಟಿಸುವುದಕ್ಕೂ ಅದೇ. ಅದರ ಕಂತು, ಎಣ್ಣೆ, ರಿಪೇರಿ ಎಲ್ಲಕ್ಕೂ ಹಾಲಿನ ಬಟವಾಡೆಯ ಹಣವೇ ಆಸರೆ.

ಆ ಗಾಡಿಯ ಟಾಯರ್ ಸವೆದಾಗ ಮನೆಯಲ್ಲಿ ಒಂದು ಮಾತು ಬರುತ್ತದೆ: "ಹೊಸಾವು ಯಾಕ? ಕೊಲ್ಲಾಪುರದಾಗೋ ಮಿರಜದಾಗೋ ಸೆಕೆಂಡ್ ಹ್ಯಾಂಡ್ ಸಿಗತಾವು. ಅರ್ಧಾ ರೇಟಿಗಿಂತಾ ಕಡಿಮಿ." ಈ ಮಾತಿಗೆ ನಾವು ಸುಮ್ಮನೆ ಹೂಂ ಎನ್ನಬಾರದು ಎಂಬುದು ನನ್ನ ಅಭಿಪ್ರಾಯ. ಮಕ್ಕಳು ಮರಿ ಕೂರುವ ಗಾಡಿಗೆ, ಚರಿತ್ರೆ ಗೊತ್ತಿಲ್ಲದ ಹಳೆಯ ಟಾಯರ್ ಹಾಕುವುದು ಲಾಭದ ವ್ಯಾಪಾರವಲ್ಲ. ಯಾಕೆ ಎಂಬುದನ್ನು ಮೊದಲು ಲೆಕ್ಕದಲ್ಲೇ ನೋಡೋಣ.

ಹೊಸ ಕಾರಿನ ಟಾಯರಿನಲ್ಲಿ ಗ್ರಿಪ್ಪಿನ ಆಳ ಸಾಮಾನ್ಯವಾಗಿ 8 ಮಿಲಿಮೀಟರ್ ಆಸುಪಾಸು ಇರುತ್ತದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಕಾರಿನ ಟಾಯರಿನ ಗ್ರಿಪ್ 1.6 ಮಿಲಿಮೀಟರಿಗಿಂತ ಕಡಿಮೆ ಆಗಕೂಡದು. ಅಂದರೆ ನಾವು ಹಣ ಕೊಟ್ಟು ಕೊಳ್ಳುವುದು ಬರೀ 6.4 ಮಿಲಿಮೀಟರ್ ರಬ್ಬರು. ಹೊಸ ಟಾಯರಿಗೆ 4,000 ರೂಪಾಯಿ ಎಂದು ಇಟ್ಟುಕೊಳ್ಳಿ. ಒಂದು ಮಿಲಿಮೀಟರಿಗೆ 625 ರೂಪಾಯಿ ಬಿತ್ತು. ಈಗ 4 ಮಿಲಿಮೀಟರ್ ಗ್ರಿಪ್ ಉಳಿದ ಹಳೆಯ ಟಾಯರನ್ನು 1,500 ರೂಪಾಯಿಗೆ ಕೊಂಡಿರಿ ಎನ್ನಿ. ಅದರಲ್ಲಿ ಬಳಸಲು ಸಿಗುವುದು 2.4 ಮಿಲಿಮೀಟರ್ ಮಾತ್ರ. ಭಾಗಿಸಿ ನೋಡಿ: ಒಂದು ಮಿಲಿಮೀಟರಿಗೆ ಮತ್ತೆ ಅದೇ 625 ರೂಪಾಯಿ!

ಹಾಗಾದರೆ ಅಗ್ಗ ಎಲ್ಲಿ ಬಂತು? ಕೊಟ್ಟದ್ದು ಹೊಸದರ ದರವೇ, ಆದರೆ ಕಂಪನಿಯ ಗ್ಯಾರಂಟಿ ಇಲ್ಲ, ವಯಸ್ಸು ಗೊತ್ತಿಲ್ಲ. ಬೇಗ ಸವೆಯುವುದರಿಂದ ಫಿಟ್ಟಿಂಗ್, ಬ್ಯಾಲೆನ್ಸಿಂಗ್ ಖರ್ಚು ಎರಡೆರಡು ಸಲ. ಇಂಥ ಟಾಯರ್ ಸಾವಿರ ರೂಪಾಯಿಯ ಒಳಗೆ ಸಿಕ್ಕರೆ ಮಾತ್ರ ಲೆಕ್ಕದಲ್ಲಿ ಏನಾದರೂ ಉಳಿದೀತು.

"6 ಮಿಲಿಮೀಟರ್ ಗ್ರಿಪ್ ಇರುವುದು ಸಿಕ್ಕರೆ?" ಎಂದು ನೀವು ಕೇಳಬಹುದು. ಲೆಕ್ಕದಲ್ಲಿ ಅದು ಲಾಭವೇ. ಆದರೆ ಅಲ್ಲಿ ಬೇರೆ ಪ್ರಶ್ನೆ ಏಳುತ್ತದೆ. ಸಂತೆಯಲ್ಲಿ ಹಾಲು ತುಂಬಿದ ಎಳೆ ಆಕಳನ್ನು ಯಾರಾದರೂ ಕಡಿಮೆ ಬೆಲೆಗೆ ಮಾರಲು ನಿಂತರೆ ನಾವು ಮೊದಲು ಕೇಳುವುದೇನು? "ಇಷ್ಟು ಚಲೋ ಆಕಳ ಮಾರಾಕ ಯಾಕ ಬಂದೀಯಪ್ಪಾ?" ಟಾಯರ್ ಅಂಗಡಿಯಲ್ಲೂ ಅದನ್ನೇ ಕೇಳಬೇಕು. ಹೊಸ ಕಾರು ಕೊಂಡವರು ಅಗಲದ ಟಾಯರ್ ಬೇಕೆಂದು ಮೂಲದ ಟಾಯರ್ ಬಿಚ್ಚಿಸಿ ಹೋಗುವುದುಂಟು. ಅದು ಒಳ್ಳೆಯ ಮಾಲು. ಅಪಘಾತವಾಗಿ ಗುಜರಿಗೆ ಬಂದ ಕಾರಿನ ಟಾಯರೂ ಅದೇ ಅಂಗಡಿಯಲ್ಲಿ ಅದರ ಪಕ್ಕದಲ್ಲೇ ನೇತಾಡುತ್ತಿರುತ್ತದೆ. ಅದಕ್ಕೆ ಬಿದ್ದ ಪೆಟ್ಟು ಹೊರಗೆ ಕಾಣಲಿಕ್ಕಿಲ್ಲ. ಎರಡಕ್ಕೂ ಕರಿ ಪಾಲಿಶ್ ಹಚ್ಚಿದ ಮೇಲೆ ಗುರುತು ಹಿಡಿಯುವುದು ಕಷ್ಟ.

ಆಕಳು ಕೊಳ್ಳುವಾಗ ನಾವು ಎಷ್ಟು ನೋಡುತ್ತೇವೆ! ಬಾಯಿ ಬಿಡಿಸಿ ಹಲ್ಲು ಎಣಿಸುತ್ತೇವೆ. ನಾಲ್ಕೂ ಮೊಲೆ ಹಿಂಡಿ ನೋಡುತ್ತೇವೆ. ಎಷ್ಟನೇ ಸೂಲು ಎಂದು ಕೇಳುತ್ತೇವೆ. ಟಾಯರಿಗೂ ಇಂಥವೇ ಪರೀಕ್ಷೆಗಳಿವೆ, ಅವು ಕಠಿಣವೂ ಅಲ್ಲ.

ಮೊದಲನೆಯದು ವಯಸ್ಸು. ಟಾಯರಿನ ಬದಿಯಲ್ಲಿ ಉದ್ದನೆಯ ಅಕ್ಷರಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತವೆ. 2319 ಎಂದಿದ್ದರೆ 2019ನೇ ಇಸವಿಯ 23ನೇ ವಾರ, ಅಂದರೆ ಜೂನ್ ತಿಂಗಳಲ್ಲಿ ತಯಾರಾದದ್ದು. ಒಂದು ಬದಿಯಲ್ಲಿ ಕಾಣದಿದ್ದರೆ ಇನ್ನೊಂದು ಬದಿ ತಿರುಗಿಸಿ ನೋಡಿ. ಕೆರೆದು ತೆಗೆದಿದ್ದರೆ ಮಾತಾಡದೆ ಬಿಟ್ಟು ಬನ್ನಿ. ರಬ್ಬರು ಓಡದೆ ಬಿದ್ದಿದ್ದರೂ ಬಿಸಿಲು ಗಾಳಿಗೆ ಮುದಿಯಾಗುತ್ತದೆ. ಐದು ವರ್ಷ ದಾಟಿದ ಟಾಯರನ್ನು ಪ್ರತಿವರ್ಷ ಪರೀಕ್ಷೆ ಮಾಡಿಸಿ, ಹತ್ತು ವರ್ಷವಾದರೆ ಗ್ರಿಪ್ ಇದ್ದರೂ ತೆಗೆದುಹಾಕಿ ಎಂದು ಹಲವು ಟಾಯರ್ ಕಂಪನಿಗಳೇ ಹೇಳುತ್ತವೆ.

ಎರಡನೆಯದು ಗ್ರಿಪ್. ಒಂದು ಕಡ್ಡಿಯನ್ನು ಗ್ರಿಪ್ಪಿನ ಸಂದಿಗೆ ಇಳಿಸಿ, ಉಗುರಿನಿಂದ ಗುರುತು ಹಿಡಿದು ಮಕ್ಕಳ ಸ್ಕೇಲಿನಲ್ಲಿ ಅಳೆಯಿರಿ. ನಡುವೆ, ಎಡಕ್ಕೆ, ಬಲಕ್ಕೆ ಮೂರೂ ಕಡೆ ಅಳೆಯಬೇಕು. ಸಂದಿನೊಳಗೆ ಅಲ್ಲಲ್ಲಿ ಸಣ್ಣ ದಿಬ್ಬಗಳಿರುತ್ತವೆ. ಗ್ರಿಪ್ ಸವೆದು ಆ ದಿಬ್ಬಕ್ಕೆ ಸಮವಾದರೆ ಟಾಯರಿನ ಆಯುಷ್ಯ ಮುಗಿಯಿತು ಎಂದೇ ಅರ್ಥ. ಕೆಲವರು ಬೋಳು ಟಾಯರಿಗೆ ಬಿಸಿ ಕತ್ತಿಯಿಂದ ಹೊಸ ಸಂದು ಕೊರೆದು ಮಾರುತ್ತಾರೆ. ಹಾಗೆ ಕೊರೆದರೆ ಒಳಗಿನ ತಂತಿಗೂ ಗಾಳಿಗೂ ನಡುವೆ ಇರುವ ರಬ್ಬರು ತೆಳುವಾಗುತ್ತದೆ. ಸಂದಿನೊಳಗೆ ದಿಬ್ಬಗಳೇ ಕಾಣದಿದ್ದರೆ ಸಂಶಯಪಡಿ.

ಮೂರನೆಯದು ಬದಿ ಮತ್ತು ಒಳಭಾಗ. ಬದಿಯಲ್ಲಿ ಗುಳ್ಳೆಯಂತೆ ಉಬ್ಬಿದ್ದರೆ ಒಳಗಿನ ದಾರ ಹರಿದಿದೆ ಎಂದು ತಿಳಿಯಿರಿ. ಅದು ಎಲ್ಲಿ, ಯಾವಾಗ ಒಡೆಯುತ್ತದೆಂದು ಹೇಳಲಾಗದು. ಒದ್ದೆ ಬಟ್ಟೆಯಿಂದ ಪಾಲಿಶ್ ಒರೆಸಿ, ಬದಿಯನ್ನು ಬಗ್ಗಿಸಿ ನೋಡಿದರೆ ಬಿರುಕುಗಳು ಬಾಯಿಬಿಡುತ್ತವೆ. ಒಳಗೆ ಕೈಯಾಡಿಸಿ. ಬದಿಗೆ ಪ್ಯಾಚ್ ಹಚ್ಚಿದ್ದರೆ ಬೇಡ. ಒಳಬದಿ ಸುತ್ತಲೂ ತಿಕ್ಕಿದಂತೆ ಆಗಿ ರಬ್ಬರಿನ ಪುಡಿ ಉದುರಿದರೆ ಗಾಳಿ ಇಲ್ಲದೆ ಓಡಿಸಿದ್ದಾರೆ ಎಂದರ್ಥ. ಅದೂ ಬೇಡ.

ನಾಲ್ಕನೆಯದು ಅಳತೆ. 165/80 ಆರ್ 14 ಎಂಬಂಥ ಸಂಖ್ಯೆಯ ಮುಂದೆ ಭಾರದ ಅಂಕಿ ಇರುತ್ತದೆ. 82 ಎಂದಿದ್ದರೆ ಆ ಟಾಯರ್ 475 ಕಿಲೋ ಹೊರಬಲ್ಲದು. ಗಾಡಿಗೆ ಕಂಪನಿ ಹೇಳಿದ ಅಂಕಿಗಿಂತ ಇದು ಕಡಿಮೆ ಇರಬಾರದು. ಅಳತೆ ಕೂಡುತ್ತದೆಂದು ಪಿಕಪ್ಪಿಗೆ ಕಾರಿನ ಟಾಯರ್ ಹಾಕಿ ಮೇಲೆ ಹಿಂಡಿ ಹೇರಿದರೆ ಅದು ತಾಳುವುದಿಲ್ಲ.

ಇಷ್ಟೆಲ್ಲ ನೋಡಿದ ಮೇಲೂ ಒಳಗಿನ ತಂತಿ, ದಾರಗಳ ಸ್ಥಿತಿ ಕಣ್ಣಿಗೆ ಕಾಣುವುದಿಲ್ಲ. ಹೊಲದ ದಾರಿಯಲ್ಲಿ ಟಾಯರ್ ಒಡೆದರೆ ಒಂದು ತಾಸು ಹಾಳು. ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ, ನಿಪ್ಪಾಣಿ ಹತ್ತಿರದ ತವಂದಿ ಘಾಟ್ ಇಳಿಯುವಾಗ ಮುಂದಿನ ಟಾಯರ್ ಒಡೆದರೆ ಸ್ಟೇರಿಂಗ್ ಕೈಯಲ್ಲಿ ನಿಲ್ಲುವುದು ಕಷ್ಟ. ಬೇಸಿಗೆಯಲ್ಲಿ ಕಾದ ಡಾಂಬರು, ಗಾಡಿ ತುಂಬ ಜನ, ಕಡಿಮೆ ಗಾಳಿ, ಮುದಿ ರಬ್ಬರು ನಾಲ್ಕೂ ಕೂಡಿದರೆ ಟಾಯರ್ ಸಿಡಿಯಲು ಬೇರೇನೂ ಬೇಕಿಲ್ಲ. ಮಳೆಗಾಲದಲ್ಲಿ ಇನ್ನೊಂದು ತೊಂದರೆ. ರಸ್ತೆಯ ನೀರನ್ನು ಹೊರಗೆ ತಳ್ಳುವುದೇ ಗ್ರಿಪ್ಪಿನ ಕೆಲಸ. ಅದು ಸವೆದಿದ್ದರೆ ಬ್ರೇಕ್ ಒತ್ತಿದರೂ ಗಾಡಿ ನೀರಿನ ಮೇಲೆ ಜಾರುತ್ತದೆ.

ನೆರೆಯ ಮಹಾರಾಷ್ಟ್ರದಲ್ಲಿ 2022ರ ಡಿಸೆಂಬರಿನಲ್ಲಿ ನಾಗಪುರ-ಶಿರಡಿ ನಡುವೆ ಸಮೃದ್ಧಿ ಮಹಾಮಾರ್ಗ ತೆರೆಯಿತು. ಅಲ್ಲಿ ಅಪಘಾತಗಳು ಹೆಚ್ಚಿ, ಟಾಯರ್ ಸಿಡಿಯುವುದೂ ಒಂದು ಕಾರಣವೆಂದು ಕಂಡ ಮೇಲೆ 2023ರಲ್ಲಿ ಸಾರಿಗೆ ಅಧಿಕಾರಿಗಳು ರಸ್ತೆಯ ಬಾಗಿಲಲ್ಲೇ ನಿಂತು ಟಾಯರ್ ತಪಾಸಣೆ ಮಾಡಿದರು, ಸವೆದ ಟಾಯರಿನ ಗಾಡಿಗಳನ್ನು ಹಿಂದಕ್ಕೆ ಕಳಿಸಿದರು. ನಮ್ಮ ಊರಿನ ರಸ್ತೆಗೆ ಅಂಥ ಬಾಗಿಲಿಲ್ಲ. ತಪಾಸಣೆ ನಮ್ಮ ಮನೆ ಅಂಗಳದಲ್ಲೇ ಆಗಬೇಕು.

ಹಾಗೆಂದು ಹಳೆಯ ಟಾಯರ್ ಎಲ್ಲಿಯೂ ಬೇಡ ಎನ್ನುವವಳು ನಾನಲ್ಲ. ನಿಧಾನ ಹೋಗುವ ಎತ್ತಿನ ಟಾಯರ್ ಗಾಡಿಗೆ ಭಾರಕ್ಕೆ ತಕ್ಕ ಹಳೆಯ ಟಾಯರ್ ನಡೆಯುತ್ತದೆ. ಸ್ಟೆಪ್ನಿಗೆ, ಪರೀಕ್ಷೆಯಲ್ಲಿ ಪಾಸಾದದ್ದು ನಡೆಯುತ್ತದೆ. ಕೈಯಲ್ಲಿ ಹಣವೇ ಇಲ್ಲ, ಗಾಡಿಯ ಟಾಯರಿನಲ್ಲಿ ತಂತಿ ಕಾಣುತ್ತಿದೆ ಎಂದರೆ, ಅದರ ಮೇಲೆ ಓಡಿಸುವುದಕ್ಕಿಂತ ಮೂರು ವರ್ಷದೊಳಗಿನ, ಚೆನ್ನಾಗಿ ನೋಡಿ ತಂದ ಜೋಡಿ ಹಳೆಯ ಟಾಯರ್ ಮೇಲು. ಆದರೆ ಅದು ಕೆಲವು ತಿಂಗಳ ಮಾತು ಎಂದು ತಿಳಿದು, ನಿಧಾನ ಓಡಿಸಿ, ಹೊಸದಕ್ಕೆ ಹಣ ಕೂಡಿಸಬೇಕು.

ಹೈನುಗಾರರಾದ ನಮಗೆ ಇನ್ನೊಂದು ಎಚ್ಚರಿಕೆ. ಗಾಡಿಯಿಂದ ಬಿಚ್ಚಿದ ಟಾಯರ್ ಕೊನೆಗೆ ದನದ ಕೊಟ್ಟಿಗೆಗೇ ಬರುತ್ತದೆ. ರಸಮೇವಿನ ಗುಂಡಿಯ ತಾಡಪತ್ರಿ ಮೇಲೆ ಭಾರಕ್ಕೆ ಇಡುತ್ತೇವೆ, ಕತ್ತರಿಸಿ ಮೇವಿನ ಬುಟ್ಟಿ ಮಾಡುತ್ತೇವೆ. ಈಗಿನ ಕಾರಿನ ಟಾಯರಿನೊಳಗೆ ಉಕ್ಕಿನ ತಂತಿ ಇದೆ. ರಬ್ಬರು ಕೊಳೆತಂತೆ ಆ ತಂತಿ ಚೂರಾಗಿ ಮೇವಿನಲ್ಲಿ ಬೀಳುತ್ತದೆ. ಆಕಳು ಅದನ್ನು ನುಂಗಿದರೆ ಹೊಟ್ಟೆ ಚುಚ್ಚಿ, ಹೃದಯದವರೆಗೂ ಹೋಗಿ ಜೀವಕ್ಕೇ ಎರವಾಗಬಹುದು. ತಂತಿ ಹೊರಬಂದ ಟಾಯರ್ ಮೇವಿನ ಹತ್ತಿರ ಬೇಡ. ರಸಮೇವಿಗೆ ಮಣ್ಣು ಅಥವಾ ಉಸುಕಿನ ಚೀಲ ಸಾಕು. ಮಳೆ ನೀರು ನಿಂತ ಟಾಯರಿನಲ್ಲಿ ಡೆಂಗಿ ಸೊಳ್ಳೆ ಹುಟ್ಟುತ್ತದೆ ಎಂಬುದೂ ನೆನಪಿರಲಿ.

ಇನ್ನು ಹಣದ ಮಾತು. ನಾಲ್ಕು ಹೊಸ ಟಾಯರಿಗೆ 16,000 ರೂಪಾಯಿ ಒಮ್ಮೆಲೇ ತರುವುದು ಯಾರಿಗೂ ಸುಲಭವಲ್ಲ. ಅದಕ್ಕೇ ಟಾಯರ್ ಸವೆಯುವ ಮೊದಲೇ ಬಟವಾಡೆಯಲ್ಲಿ ತಿಂಗಳಿಗೆ 400 ರೂಪಾಯಿ ಬೇರೆ ತೆಗೆದಿಡಿ. 20 ತಿಂಗಳಿಗೆ ಒಂದು ಜೋಡಿ, 40 ತಿಂಗಳಿಗೆ ನಾಲ್ಕೂ ಹೊಸದಾಗುತ್ತವೆ. ನಡುವೆ ಗಾಳಿಯನ್ನು ಸರಿಯಾಗಿ ಇಟ್ಟರೆ ಟಾಯರ್ ಇನ್ನಷ್ಟು ದಿನ ಬಾಳುತ್ತದೆ.

"ಗಾಡಿ ವಿಷಯ ಗಂಡಸರಿಗೆ ಬಿಡ್ರಿ" ಎನ್ನುವವರಿದ್ದಾರೆ. ಗಾಡಿಯ ಹಣ ನಾವು ಹಿಂಡಿದ ಹಾಲಿನದು. ಹಿಂದಿನ ಸೀಟಿನಲ್ಲಿ ಕೂಸನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂರುವವರೂ ನಾವೇ. ಜಗಳ ಬೇಕಿಲ್ಲ. ಇವತ್ತು ಸಂಜೆ ಹಾಲು ಹಾಕಿ ಬಂದ ಮೇಲೆ ಮಗನ ಸ್ಕೇಲು, ಒಂದು ಕಡ್ಡಿ ಹಿಡಿದು ಗಾಡಿ ಸುತ್ತ ಒಂದು ಸುತ್ತು ಬನ್ನಿ. ನಾಲ್ಕೂ ಟಾಯರಿನ ಆಳ ಮತ್ತು ಇಸವಿಯನ್ನು ಹಾಲಿನ ಪುಸ್ತಕದ ಹಿಂದೆ ಬರೆದಿಟ್ಟುಕೊಳ್ಳಿ. ಮುಂದಿನ ಸಲ ಮನೆಯಲ್ಲಿ ಟಾಯರಿನ ಮಾತು ಬಂದಾಗ ಆ ಲೆಕ್ಕವನ್ನು ಯಜಮಾನರ ಮುಂದಿಡಿ.