ನೀರು ಕುಡಿದರೂ ಬಾಯಿ ಒಣಗುವುದೇಕೆ?

ಲಕ್ಷ್ಮೇಶ್ವರದ ಸಹೋದರಿಯೊಬ್ಬರು ಬರೆದ ಪತ್ರವೇ ಈ ತಿಂಗಳ ಅಂಕಣಕ್ಕೆ ಕಾರಣ. ಅವರಿಗೆ ವಯಸ್ಸು 57. ದಿನಕ್ಕೆ ಐದಾರು ತಂಬಿಗೆ ನೀರು ಕುಡಿಯುತ್ತಾರಂತೆ. ಆದರೂ ನಾಲಿಗೆ ಅಂಗುಳಿಗೆ ಅಂಟಿಕೊಳ್ಳುತ್ತದೆ. ಜೋಳದ ರೊಟ್ಟಿಯ ತುತ್ತು ಸಾರಿನಲ್ಲಿ ನೆನೆಸದೆ ಗಂಟಲಲ್ಲಿ ಇಳಿಯುವುದಿಲ್ಲ. ರಾತ್ರಿ ಎರಡು ಮೂರು ಸಲ ಎದ್ದು ನೀರು ಕುಡಿಯಬೇಕು, ಕುಡಿದದ್ದಕ್ಕಾಗಿ ಮತ್ತೆರಡು ಸಲ ಮೂತ್ರಕ್ಕೆ ಏಳಬೇಕು. ನೆರೆಯವರು 'ಉಷ್ಣ' ಎಂದರು. ಜೀರಿಗೆ ನೀರು, ಸಬ್ಜಾ ಬೀಜ, ಮಜ್ಜಿಗೆ ಎಲ್ಲವೂ ಆಯಿತು. ಸಕ್ಕರೆ ಕಾಯಿಲೆ ಇರಬಹುದೆಂದು ಹೆದರಿ ರಕ್ತ ಪರೀಕ್ಷೆ ಮಾಡಿಸಿದರು, ಇಲ್ಲವೆಂದು ಬಂತು. 'ಬಿ.ಪಿ. ಮಾತ್ರೆಯಿಂದಲೇ ಹೀಗಾಗುತ್ತಿದೆ ಎಂದು ಮಗಳು ಹೇಳುತ್ತಾಳೆ. ಅದನ್ನು ಬಿಟ್ಟುಬಿಡಲೇ? ಅಥವಾ ಇನ್ನೂ ಹೆಚ್ಚು ನೀರು ಕುಡಿಯಲೇ?' ಎಂಬುದು ಅವರ ಪ್ರಶ್ನೆ.

ದಯವಿಟ್ಟು ಎರಡನ್ನೂ ಮಾಡಬೇಡಿ. ಯಾಕೆಂದು ಹೇಳುತ್ತೇನೆ.

ಬಾಯಿಯನ್ನು ಒದ್ದೆಯಾಗಿಡುವುದು ನಾವು ಕುಡಿಯುವ ನೀರಲ್ಲ, ಜೊಲ್ಲು. ಕಿವಿಯ ಮುಂದೆ, ದವಡೆಯ ಕೆಳಗೆ, ನಾಲಿಗೆಯ ಅಡಿಯಲ್ಲಿ ಹೀಗೆ ಮೂರು ಜೋಡಿ ದೊಡ್ಡ ಗ್ರಂಥಿಗಳಿವೆ. ತುಟಿ, ಕೆನ್ನೆಯ ಒಳಬದಿಯಲ್ಲಿ ನೂರಾರು ಸಣ್ಣ ಗ್ರಂಥಿಗಳಿವೆ. ಇವೆಲ್ಲ ಸೇರಿ ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರಿನಷ್ಟು ಜೊಲ್ಲನ್ನು ಸ್ರವಿಸುತ್ತವೆ. ಅದರಲ್ಲಿ ಶೇ. 99 ಭಾಗ ನೀರೇ. ಆದರೆ ಉಳಿದ ಒಂದು ಭಾಗದಲ್ಲಿ ತುತ್ತನ್ನು ಜಾರಿಸುವ ಲೋಳೆ, ಹುಳಿಯನ್ನು ತಗ್ಗಿಸುವ ಲವಣ, ಹಲ್ಲಿಗೆ ಬೇಕಾದ ಖನಿಜಗಳಿರುತ್ತವೆ. ಬರೀ ನೀರು ಈ ಕೆಲಸ ಮಾಡಲಾರದು. ಜೊಲ್ಲು ಸುರಿಸಬೇಕೆಂಬ ಆಜ್ಞೆ ನರಗಳ ಮೂಲಕ ಗ್ರಂಥಿಗಳಿಗೆ ಹೋಗುತ್ತದೆ. ಆ ಆಜ್ಞೆ ತಲುಪದಿದ್ದರೆ ಹೊಟ್ಟೆ ತುಂಬ ನೀರಿದ್ದೂ ಪ್ರಯೋಜನವಿಲ್ಲ. ಮೇಲೆ ಟಾಕಿ ತುಂಬಿದ್ದರೂ ಕೆಳಗೆ ನಳ ತಿರುಗಿಸದಿದ್ದರೆ ಕೊಡ ತುಂಬೀತೇ?

ಈ ನಳವನ್ನು ಮುಚ್ಚುವುದರಲ್ಲಿ ಮೊದಲ ಸ್ಥಾನ ಮಾತ್ರೆಗಳದ್ದು. ಬಾಯಿ ಒಣಗಿಸಬಲ್ಲ ಔಷಧಿಗಳು ನೂರಾರಿವೆ. ಸಹೋದರಿ ತನ್ನ ಪತ್ರದ ಹಿಂಬದಿಯಲ್ಲಿ ಮಾತ್ರೆಗಳ ಹೆಸರನ್ನೂ ಬರೆದಿದ್ದು ಒಳ್ಳೆಯದಾಯಿತು. ಒಂದು, ಬಿ.ಪಿ.ಯದ್ದು. ಇದರಲ್ಲಿ ಮೂತ್ರ ಹೆಚ್ಚಿಸುವ ಹೈಡ್ರೋಕ್ಲೋರೋಥಯಝೈಡ್ ಸೇರಿದೆ. ಎರಡನೆಯದು ಅಮಿಟ್ರಿಪ್ಟಿಲಿನ್. ಪತಿ ತೀರಿಕೊಂಡ ಬಳಿಕ ನಿದ್ದೆ ಬರುತ್ತಿಲ್ಲವೆಂದು ಎರಡು ವರ್ಷದ ಹಿಂದೆ ಆರಂಭವಾದದ್ದು, ಈಗಲೂ ಮುಂದುವರಿದಿದೆ. ಮೂರನೆಯದು ಧೂಳಿಗೆ ಸೀನು ಬಂದಾಗಲೆಲ್ಲ ಔಷಧಿ ಅಂಗಡಿಯಿಂದ ತಾವೇ ತರಿಸಿಕೊಳ್ಳುವ ಹಳದಿ ಬಣ್ಣದ ಸಣ್ಣ ನೆಗಡಿ ಮಾತ್ರೆ, ಅಂದರೆ ಕ್ಲೋರ್‌ಫೆನಿರಮೈನ್. 'ಅದೇನು ದೊಡ್ಡ ಔಷಧಿಯಲ್ಲ' ಎಂದೂ ಬರೆದಿದ್ದಾರೆ. ಆದರೆ ಮಗಳು ದೂರುತ್ತಿರುವ ಬಿ.ಪಿ. ಮಾತ್ರೆಗಿಂತ ಈ ಎರಡರ ಮೇಲೆಯೇ ನನ್ನ ಅನುಮಾನ ಹೆಚ್ಚು. ಇವೆರಡೂ ನರಗಳ ಆಜ್ಞೆಯನ್ನು ನೇರವಾಗಿ ತಡೆಯುವಂಥವು. ಒಂದೇ ಆದರೆ ಹೇಗೋ ಸಹಿಸಬಹುದು, ಎರಡು ಸೇರಿದರೆ ಬಾಯಿ ಬೆಂಡಿನಂತಾಗುತ್ತದೆ. ಹೊಟ್ಟೆ ನುಲಿತಕ್ಕೆ ಕೊಡುವ ಡೈಸೈಕ್ಲೋಮಿನ್, ಪದೇ ಪದೇ ಮೂತ್ರ ಬರುವುದನ್ನು ತಡೆಯುವ ಮಾತ್ರೆ, ಮಾನಸಿಕ ಕಾಯಿಲೆಯ ಕೆಲವು ಮಾತ್ರೆಗಳು ಕೂಡಾ ಇದೇ ಗುಂಪಿನವು.

ಇನ್ನು ನೀರಿನ ವಿಷಯ. ನೀರು ಎಷ್ಟು ಕುಡಿದರೂ ಒಳ್ಳೆಯದೇ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿ ಬೇರೂರಿದೆ. ಆದರೆ ಥಯಝೈಡ್ ಇರುವ ಮಾತ್ರೆ ಮೂತ್ರದಲ್ಲಿ ಸೋಡಿಯಂ ಅನ್ನೂ ಹೊರಹಾಕುತ್ತದೆ. ಅದರ ಮೇಲೆ ಐದಾರು ಲೀಟರ್ ನೀರು ಕುಡಿದರೆ ರಕ್ತದಲ್ಲಿ ಉಳಿದ ಸೋಡಿಯಂ ಮತ್ತಷ್ಟು ತೆಳುವಾಗುತ್ತದೆ. ಹೆಚ್ಚಾಗಿ ವಯಸ್ಸಾದ ಮಹಿಳೆಯರಲ್ಲಿಯೇ ಇದು ಕಾಣಿಸಿಕೊಳ್ಳುತ್ತದೆ. ಮೊದಲು ಸುಸ್ತು, ಓಕರಿಕೆ, ತಲೆನೋವು, ನಡೆಯುವಾಗ ತೂರಾಟ. ಆಮೇಲೆ ಮಾತು ತಡವರಿಸುವುದು, ಗೊಂದಲ, ಫಿಟ್ಸ್. ಮನೆಯವರು 'ನೀರು ಸಾಲದೆ ಹೀಗಾಗಿದೆ' ಎಂದು ಮತ್ತೊಂದು ತಂಬಿಗೆ ಕುಡಿಸುತ್ತಾರೆ! ಸಹೋದರಿ, ಈಚೆಗೆ ತಲೆ ಹಗುರಾದಂತೆ ಆಗುತ್ತದೆಂದು ನೀವು ಕೊನೆಯಲ್ಲಿ ಒಂದು ಸಾಲು ಬರೆದಿದ್ದೀರಿ. ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಆ ಸಾಲೇ. ಈ ವಾರವೇ ರಕ್ತದ ಸೋಡಿಯಂ ಪರೀಕ್ಷೆ ಮಾಡಿಸಿ. ಅದು ಅಪರೂಪದ ಪರೀಕ್ಷೆಯಲ್ಲ. ಅಷ್ಟರಲ್ಲಿ ಗೊಂದಲ ಅಥವಾ ತೂರಾಟ ಕಾಣಿಸಿದರೆ ಕಾಯದೆ ಅಂದೇ ಆಸ್ಪತ್ರೆಗೆ ಹೋಗಿ.

ಹಾಗೆಂದು ಬಿ.ಪಿ. ಮಾತ್ರೆಯನ್ನು ನೀವೇ ನಿಲ್ಲಿಸಬಾರದು. ರಕ್ತದೊತ್ತಡ ಏರಿ ಪಾರ್ಶ್ವವಾಯು ಬಡಿದರೆ ಒಣಬಾಯಿ ಎಷ್ಟೋ ವಾಸಿ ಅನಿಸೀತು. ಥಯಝೈಡ್ ಇಲ್ಲದ ಬೇರೆ ಮಾತ್ರೆಗಳಿವೆ, ಬದಲಾಯಿಸುವುದನ್ನು ಡಾಕ್ಟರರು ನೋಡುತ್ತಾರೆ. ಅಮಿಟ್ರಿಪ್ಟಿಲಿನ್ ಅನ್ನೂ ಒಮ್ಮೆಲೇ ಬಿಡುವಂತಿಲ್ಲ, ಹಂತ ಹಂತವಾಗಿ ಇಳಿಸಬೇಕು. ಧೂಳಿನ ಅಲರ್ಜಿಗೆ ಮೂಗಿಗೆ ಹೊಡೆಯುವ ಸ್ಪ್ರೇ ಸಾಕಾಗಬಹುದೇ ಎಂದು ಕೇಳಿ. ಹೋಗುವಾಗ ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ, ಅಂಗಡಿಯಿಂದ ತಂದದ್ದನ್ನೂ ಸೇರಿಸಿ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ.

ಮಾತ್ರೆ ಸೇವಿಸದ ಓದುಗರಿಗೂ ಬಾಯಿ ಒಣಗಬಹುದು. ಆಗ ಮೊದಲು ನೋಡಬೇಕಾದದ್ದು ಮಧುಮೇಹ. ರಕ್ತದಲ್ಲಿ ಹೆಚ್ಚಾದ ಸಕ್ಕರೆ ಮೂತ್ರಕ್ಕೆ ಇಳಿಯುವಾಗ ನೀರನ್ನೂ ಎಳೆದುಕೊಂಡು ಹೋಗುತ್ತದೆ, ಹೀಗಾಗಿ ಕುಡಿದಷ್ಟೂ ದಾಹ. ಖಾಲಿ ಹೊಟ್ಟೆಯ ಸಕ್ಕರೆ 126 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ ಖಚಿತಪಡಿಸುತ್ತಾರೆ. ಬೆಳಿಗ್ಗೆ ಎದ್ದಾಗ ಮಾತ್ರ ಬಾಯಿ ಒಣಗಿದ್ದರೆ ಮೂಗು ಕಟ್ಟಿ ಬಾಯಿಯಿಂದ ಉಸಿರಾಡುತ್ತಿರಬಹುದು; ಗೊರಕೆ ಇದೆಯೇ ಎಂದು ಮನೆಯವರನ್ನು ಕೇಳಿ.

ಅಡಿಕೆಯ ಬಗ್ಗೆ ಸ್ವಲ್ಪ ಖಾರವಾಗಿಯೇ ಹೇಳಬೇಕು. ಕರ್ನಾಟಕದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾಯಿತು. ಆದರೆ ಪಾನ್ ಮಸಾಲಾ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿ ಎಂದು ಮಾರಿ, ಅಂಗೈಯಲ್ಲಿ ಎರಡನ್ನೂ ಕಲಸುವ ಉಪಾಯ ನಮ್ಮ ಹುಡುಗರಿಗೆ ಗೊತ್ತಿದೆ. ತಂಬಾಕಿನ ಪುಡಿಯಿಂದ ಹಲ್ಲುಜ್ಜುವ ಅಜ್ಜಿಯಂದಿರೂ ಇದ್ದಾರೆ. ಅಡಿಕೆ ಕೆನ್ನೆಯ ಒಳಪದರವನ್ನು ಗಡುಸಾಗಿಸುತ್ತದೆ: ಬಾಯಿ ಒಣಗುತ್ತದೆ, ಮೆಣಸಿನಕಾಯಿ ಚಟ್ನಿ ತಾಗಿದರೆ ಉರಿಯುತ್ತದೆ, ಕ್ರಮೇಣ ಬಾಯಿ ತೆರೆಯುವುದೇ ಕಷ್ಟವಾಗುತ್ತದೆ. ನಿಮ್ಮ ಮಗನ ಬಾಯಲ್ಲಿ ಅವನದೇ ಮೂರು ಬೆರಳು ಒಂದರ ಮೇಲೊಂದು ನಿಲ್ಲದಿದ್ದರೆ ದಂತವೈದ್ಯರಿಗೆ ತೋರಿಸಿ. ಇದು ಕ್ಯಾನ್ಸರಿಗೆ ತಿರುಗಬಲ್ಲ ಸ್ಥಿತಿ.

ಮಹಿಳೆಯರು ತಿಳಿದಿರಬೇಕಾದ ಇನ್ನೊಂದು ಕಾಯಿಲೆಯಿದೆ. ಸ್ವೀಡನ್ನಿನ ಕಣ್ಣಿನ ವೈದ್ಯ ಹೆನ್ರಿಕ್ ಶೋಗ್ರೆನ್ 1933ರಲ್ಲಿ ಇದನ್ನು ವಿವರವಾಗಿ ದಾಖಲಿಸಿದರು, ಅವರದೇ ಹೆಸರು ಅದಕ್ಕೆ ಬಂತು. ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಜೊಲ್ಲು ಮತ್ತು ಕಣ್ಣೀರಿನ ಗ್ರಂಥಿಗಳ ಮೇಲೆ ದಾಳಿ ಮಾಡುತ್ತದೆ. ಹತ್ತು ರೋಗಿಗಳಲ್ಲಿ ಒಂಬತ್ತು ಮಂದಿ ಮಹಿಳೆಯರು. ಬಾಯಿಯ ಜತೆ ಕಣ್ಣಿನಲ್ಲಿ ಮರಳು ಬಿದ್ದಂತೆ ಅನಿಸುವುದು, ಕೀಲು ನೋವು, ಕಿವಿಯ ಮುಂದೆ ಊತ ಇದ್ದರೆ ಅನುಮಾನಿಸಬೇಕು. ರೆಪ್ಪೆಯಂಚಿಗೆ ಕಾಗದದ ಪಟ್ಟಿಯಿಟ್ಟು 5 ನಿಮಿಷದಲ್ಲಿ ಎಷ್ಟು ಒದ್ದೆಯಾಯಿತೆಂದು ಅಳೆಯುವುದು ಮೊದಲ ಪರೀಕ್ಷೆಗಳಲ್ಲೊಂದು. ಗದಗದ ಜಿಮ್ಸ್‌ನಂತಹ ದೊಡ್ಡ ಆಸ್ಪತ್ರೆಯಲ್ಲಿ ತೋರಿಸಿ.

ಕೊಳವೆಬಾವಿಯ ನೀರನ್ನು ದೂರುವವರ ಮಾತಿನಲ್ಲಿ ಅರ್ಧ ನಿಜವಿದೆ. ಗದಗ ಜಿಲ್ಲೆಯ, ವಿಶೇಷವಾಗಿ ಮುಂಡರಗಿ ಕಡೆಯ, ಅಂತರ್ಜಲದಲ್ಲಿ ಫ್ಲೋರೈಡ್ ಸಮಸ್ಯೆ ಹಳೆಯದು. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರು ಕುಡಿಯಲು ಯೋಗ್ಯವಲ್ಲ. ಆದರೆ ಅದು ಮುಖ್ಯವಾಗಿ ಕೆಡಿಸುವುದು ಹಲ್ಲು ಮತ್ತು ಮೂಳೆಗಳನ್ನು. ಈ ಸಹೋದರಿಯ ಬಾಯಿ ಒಣಗಿದ್ದನ್ನು ಅದರ ಲೆಕ್ಕಕ್ಕೆ ಬರೆಯಲು ನಾನು ಸಿದ್ಧನಿಲ್ಲ.

ಸದ್ಯಕ್ಕೆ ಮನೆಯಲ್ಲಿ ಹೀಗೆ ಮಾಡಿ: ತಂಬಿಗೆ ಎತ್ತಿ ಕುಡಿಯುವ ಬದಲು ಒಂದೊಂದೇ ಗುಟುಕು ಬಾಯಲ್ಲಿ ಆಡಿಸಿ ನುಂಗಿ. ಪೆಪ್ಪರಮಿಂಟು, ಸಿಹಿ ಚಾಕಲೇಟು ಬೇಡ. ಜೊಲ್ಲಿಲ್ಲದ ಬಾಯಲ್ಲಿ ಹಲ್ಲು ಬಲುಬೇಗ ಹುಳುಕಾಗುತ್ತದೆ. ಸಕ್ಕರೆ ಇಲ್ಲದ ಚ್ಯೂಯಿಂಗ್ ಗಮ್ ಆಗಬಹುದು. ಮಿಸ್ವಾಕ್ ಅಗಿಯುವುದರಿಂದಲೂ ಜೊಲ್ಲು ಬರುತ್ತದೆ.

ರಮಝಾನ್ ಉಪವಾಸ ಹಿಡಿಯಬಹುದೇ ಎಂದೂ ಕೇಳಿದ್ದೀರಿ. ವುಝೂವಿನಲ್ಲಿ ಬಾಯಿ ಮುಕ್ಕಳಿಸಿದರೆ ಉಪವಾಸ ಮುರಿಯುವುದಿಲ್ಲ, ನೀರು ಗಂಟಲಿಗೆ ಇಳಿಯದಂತೆ ನೋಡಿಕೊಂಡರಾಯಿತು. ಆದರೆ ನಿಮ್ಮ ಸೋಡಿಯಂ ಎಷ್ಟಿದೆ, ಬಿ.ಪಿ. ಮಾತ್ರೆಯನ್ನು ಸಹ್ರಿಗೋ ಇಫ್ತಾರಿಗೋ ಹೊಂದಿಸಬಹುದೇ ಎಂಬುದನ್ನು ತಿಳಿಯದೆ ಹೌದೆನ್ನಲಾರೆ. ರೋಗಿಗಳಿಗಿರುವ ರಿಯಾಯಿತಿಯನ್ನು ಅಲ್ ಬಕರಾ ಅಧ್ಯಾಯದ 184 ಮತ್ತು 185ನೆಯ ಸೂಕ್ತಗಳಲ್ಲಿ ನೀವೂ ಓದಿರುತ್ತೀರಿ. ಪರೀಕ್ಷೆಯ ವರದಿ ಕೈಗೆ ಬಂದ ಮೇಲೆ ಇನ್ನೊಂದು ಪತ್ರ ಬರೆಯಿರಿ.